ಹುಣಸೂರಿನಲ್ಲಿ ಮನೆಕಟ್ಟೋ ಪೆಟ್ಟಿಗೆ ಮಾಡಿದ ವರ್ಷಗಳು

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಬಣ್ಣದ ವಿಚಾರ. ಅರಗು ಎಷ್ಟು ಕಾಯಬೇಕು, ಕೆಂಪು ಮಾಸದ ಹಾಗೆ ಏನು ಮಾಡಬೇಕು, ಹೊಳಪಿಗೆ ಯಾವ ಮರದ ಗರಿಯಿಂದ ಉಜ್ಜಬೇಕು. ಬಣ್ಣ ಆಮೇಲೆ ನೋಡೋಣ, ಮೊದಲು ಒಂದು ಇಟ್ಟಿಗೆ ಮಾಡಿಕೊಂಡು ಬನ್ನಿ ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಮೂರು ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲ, ಒಂದು ಅಂಗುಲ ದಪ್ಪದ ಮರದ ತುಂಡು, ಅದನ್ನು ಮಾಡುವುದಕ್ಕೆ ಕಲಿಯುವುದೇನಿದೆ ಎಂದು ಅವರಿಗೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಇದನ್ನು ಬರೆಯಲು ಕುಳಿತೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಅನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಎಲ್ಲಿ ತಪ್ಪಿದೆ ಅನ್ನುವುದರಿಂದ ಆಗಬಹುದು.

ನಮ್ಮದು ಹುಣಸೂರಿನಲ್ಲಿ ಗಾಡಿ ಚಕ್ರ ಮಾಡುವ ಆಚಾರಿಗಳ ಮನೆ. ಇಪ್ಪತ್ತೆರಡು ವರ್ಷದವರೆಗೆ ನಾನೂ ಅಪ್ಪನ ಜೊತೆ ಚಕ್ರವನ್ನೇ ಮಾಡಿದವನು. ಆಗ ಸಂತೆಮಾಳದ ಹಿಂದೆ ಚನ್ನಬಸಪ್ಪನವರ ಮರದ ಅಂಗಡಿಯಿತ್ತು. ಅವರು ಒಮ್ಮೆ ಮೈಸೂರಿನಲ್ಲಿ ಯಾರೋ ಅಧಿಕಾರಿಗಳ ಮನೆಗೆ ಬಾಗಿಲು ಒಪ್ಪಿಸಲು ಹೋದಾಗ, ಅಲ್ಲಿನ ಮಕ್ಕಳು ಇಂಗ್ಲಿಷರ ಸೀಮೆಯಿಂದ ಬಂದ ಮರದ ತುಂಡುಗಳನ್ನು ಜೋಡಿಸಿ ಮನೆ ಕಟ್ಟುತ್ತಿದ್ದುದನ್ನು ನೋಡಿದರಂತೆ. ಬಾಗಿಲಿನ ಮಾತು ಮರೆತು ಅವರೂ ನೆಲದ ಮೇಲೆ ಕುಳಿತುಬಿಟ್ಟರಂತೆ. ಊರಿಗೆ ಬಂದವರೇ ಅಂಗಡಿಯ ಹಿಂದಿನ ಕೊಟ್ಟಿಗೆಯನ್ನು ಖಾಲಿ ಮಾಡಿಸಿ, ತೇಗದ ಕೊನೆ ತುಂಡುಗಳನ್ನು ಅಲ್ಲಿ ರಾಶಿ ಹಾಕಿಸಿ, ಕಾಳಾಚಾರ್ರನ್ನು ಮೇಸ್ತ್ರಿಯಾಗಿ ಕರೆತಂದರು. ಕಾಳಾಚಾರ್ರು ಅದುವರೆಗೆ ತೇರಿನ ಮತ್ತು ದೇವರ ಮಂಟಪದ ಕೆಲಸ ಮಾಡುತ್ತಿದ್ದವರು.

ಮಾದರಿಗೆ ತಂದ ಸೀಮೆ ಪೆಟ್ಟಿಗೆಯಲ್ಲಿ ಇಳಿಜಾರು ಚಾವಣಿ, ಅದರ ಮೇಲೆ ಹೊಗೆಗೂಡು ಇತ್ತಂತೆ. ಮೇಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಮ್ ಮಕ್ಕಳು ಈ ಮನೇನ ಎಲ್ಲಿ ಕಂಡವೆ ಸಾವ್ಕಾರ್ರೆ? ಜಗುಲಿ ಇಲ್ಲ, ತೊಟ್ಟಿ ಇಲ್ಲ. ಬಂದೋರು ಎಲ್ಲಿ ಕುಂತ್ಕಬೇಕು?" ಎಂದರಂತೆ. ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ಇಟ್ಟಿಗೆ, ಅರ್ಧ ಇಟ್ಟಿಗೆ, ಜಗುಲಿ ಕಂಬ, ಜಂತೆ, ಬಾಗಿಲ ಕಮಾನು, ಮೆಟ್ಟಿಲು ಬಂದವು. ಗುಡಿ ಕಟ್ಟುವವರಿಗೆ ಗೋಪುರದ ತಲೆ, ಅದರ ಮೇಲಿಡಲು ಒಂದು ಪುಟ್ಟ ಕಳಸ. ಜನ ಅದನ್ನು ಮನೆಕಟ್ಟೋ ಪೆಟ್ಟಿಗೆ ಎಂದರು. ಅದೇ ಹೆಸರು ನಿಂತಿತು.

ನಾನು ಚಕ್ರದ ಕೆಲಸ ಬಿಟ್ಟು ಆ ಕೊಟ್ಟಿಗೆಗೆ ಸೇರಿದ ಮೊದಲ ದಿನ ಎಂಟು ಇಟ್ಟಿಗೆ ಮಾಡಲು ಹೇಳಿದರು. ಮಧ್ಯಾಹ್ನದೊಳಗೆ ಮುಗಿಸಿ ಮುಂದಿಟ್ಟೆ. ಮೇಸ್ತ್ರಿ ಅಳತೆ ಹಿಡಿಯಲಿಲ್ಲ. ಒಂದರ ಮೇಲೊಂದು ನಿಲ್ಲಿಸುತ್ತಾ ಹೋದರು. ಆರನೆಯದಕ್ಕೆ ಗೋಪುರ ವಾಲಿತು, ಏಳನೆಯದಕ್ಕೆ ಬಿತ್ತು.

"ಏನ್ಲಾ ನಂಜ, ಚಕ್ರ ಮಾಡೋನು ಅಲ್ವಾ ನೀನು?" ಎಂದರು.

"ಹೌದು ಮೇಸ್ತ್ರಿಗಳೆ."

"ಚಕ್ರ ಒಂದ್ ನೂಲು ಅತ್ಲಾಗಿತ್ಲಾಗೆ ಆದ್ರೆ ಎತ್ತು ಎಳ್ಕೊಂಡು ಓಯ್ತದೆ. ಇಲ್ಲಿ ಎಳಿಯಕ್ಕೆ ಎತ್ತಿಲ್ಲ ಕಣ್ಲಾ. ಮಗ ಕಟ್ತದೆ, ಬೀಳ್ತದೆ. ಇನ್ನೊಂದು ಕಿತ ಕಟ್ತದೆ, ಬೀಳ್ತದೆ. ತನ್ನ ಕೈಯೇ ಸರಿಯಿಲ್ಲ ಅಂದ್ಕತದೆ. ಆ ಪಾಪ ಯಾರ್ಗೆ?"

ಅಂಗುಲದ ಎಂಟನೇ ಒಂದು ಭಾಗಕ್ಕೆ ನಾವು ನೂಲು ಅನ್ನುತ್ತೇವೆ. ಅದರ ಕಾಲು ಭಾಗ ತಪ್ಪಿದ್ದರೂ ಅವರು ತುಂಡನ್ನು ಪಕ್ಕಕ್ಕೆ ಇಡುತ್ತಿದ್ದರು. ಬೈಯುತ್ತಿರಲಿಲ್ಲ. ಪಕ್ಕಕ್ಕಿಟ್ಟ ತುಂಡುಗಳನ್ನು ಸಂಜೆ ಒಲೆಗೆ ಮನೆಗೆ ಒಯ್ಯುತ್ತಿದ್ದರು. "ಇವತ್ತು ನಿನ್ನ ಇಟ್ಟಿಗೇಲೇ ನಮ್ಮನೆ ಮುದ್ದೆ ಬೆಂದಿದ್ದು" ಎಂದು ಮಾರನೆಯ ದಿನ ಹೇಳುತ್ತಿದ್ದರು. ಮೊದಲ ಎರಡು ತಿಂಗಳು ಅವರ ಮನೆಗೆ ಸೌದೆ ಕೊಳ್ಳುವ ಪ್ರಮೇಯವೇ ಬರಲಿಲ್ಲ ಎಂದು ಕಾಣುತ್ತದೆ.

ನನ್ನ ಮೊದಲನೆಯ ದೊಡ್ಡ ತಪ್ಪು ಹಸಿ ಮರದ್ದು. ಕಡೆಯುವ ಕೆಲಸಕ್ಕೂ ಕಮಾನಿಗೂ ನಮಗೆ ಹಾಲೆ ಮರ ಬೇಕಿತ್ತು. ಬೆಳ್ಳಗೆ, ಹಗುರವಾಗಿ, ಉಳಿಗೆ ಬೆಣ್ಣೆಯ ಹಾಗೆ ಬರುತ್ತದೆ. ಕಾಕನಕೋಟೆ ಕಡೆಯಿಂದ ಅಂತರಸಂತೆ ದಾಟಿ ಗಾಡಿಯಲ್ಲಿ ಬರುತ್ತಿತ್ತು. ಬಂದ ಮರವನ್ನು ನೆರಳಿನಲ್ಲಿ ಒಂದು ವರ್ಷ ಒಣಗಿಸಬೇಕು. ಆ ವರ್ಷ ಕೃಷ್ಣರಾಜನಗರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಆರು ಪೆಟ್ಟಿಗೆ ಬೇಗ ಬೇಕಾಗಿತ್ತು. ಮೇಸ್ತ್ರಿ ಮಗಳ ಮನೆಗೆಂದು ಸಾಲಿಗ್ರಾಮಕ್ಕೆ ಹೋಗಿದ್ದರು. ಚನ್ನಬಸಪ್ಪನವರು ನನ್ನನ್ನು ಕೇಳಿದರು, "ಮರ ಒಣಗ್ಯದೇನಯ್ಯಾ?" ನಾನು ಒಂದು ತುಂಡನ್ನು ಅಂಗೈಯಲ್ಲಿ ತೂಗಿ ನೋಡಿ, ಬೆರಳಿನಿಂದ ತಟ್ಟಿ, "ಒಣಗ್ಯದೆ ಸಾವ್ಕಾರ್ರೆ" ಎಂದೆ. ಮೇಸ್ತ್ರಿ ಹಾಗೆ ತಟ್ಟಿ ನೋಡುವುದನ್ನು ಕಂಡಿದ್ದೆ. ಅವರು ಏನು ಕೇಳಿಸಿಕೊಳ್ಳುತ್ತಿದ್ದರು ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಪೆಟ್ಟಿಗೆ ಹೋದ ಎರಡು ತಿಂಗಳಿಗೆ ಶಾಲೆಯಿಂದ ಕಾಗದ ಬಂತು. ಕಮಾನುಗಳು ಬಿರುಕು ಬಿಟ್ಟಿವೆ, ಬಂದು ನೋಡಬೇಕು ಎಂದು. ಮೇಸ್ತ್ರಿ ಕಾಗದವನ್ನು ಓದಿಸಿ ಕೇಳಿ, ನನ್ನ ಕಡೆ ತಿರುಗಿ ಕೂಡ ನೋಡದೆ, ಹೊಸ ಕಮಾನುಗಳನ್ನು ತಾವೇ ಮಾಡಿ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟರು. "ಓಗು. ಏನಂದ್ರೂ ಕೇಳ್ಕೊಂಡ್ ಬಾ" ಎಂದರು.

ಕೃಷ್ಣರಾಜನಗರ ಆಗ ಇನ್ನೂ ಹೊಸ ಊರು. ಕಾವೇರಿ ಉಕ್ಕಿ ಎಡತೊರೆಗೆ ನೀರು ನುಗ್ಗಿದ ಮೇಲೆ ಎತ್ತರದಲ್ಲಿ ಅಗಲ ಬೀದಿ ಬಿಟ್ಟು ಕಟ್ಟಿದ ಊರು. ಶಾಲೆಯ ಉಪಾಧ್ಯಾಯಿನಿ ಮೈಸೂರಿನವರು, ಬಿಳಿ ಸೀರೆ ಉಟ್ಟ ನಡುವಯಸ್ಸಿನ ಹೆಂಗಸು. ಬೈಯುತ್ತಾರೆ ಎಂದುಕೊಂಡು ಬಾಗಿಲಲ್ಲೇ ನಿಂತೆ. ಅವರು "ಒಳಗೆ ಬನ್ನಿ, ಮೊದಲು ಇದನ್ನು ನೋಡಿ" ಎಂದರು.

ನೆಲದ ಮೇಲೆ ಏಳೆಂಟು ವರ್ಷದ ಒಂದು ಹುಡುಗಿ ಎರಡು ಊರು ಕಟ್ಟಿದ್ದಳು. ಒಂದು ಕಡೆ ನೇರ ಬೀದಿ, ಸಾಲಾಗಿ ಮನೆಗಳು. ಇನ್ನೊಂದು ಕಡೆ ಒತ್ತೊತ್ತಾಗಿ ಮನೆಗಳು. ಆ ಕಡೆಯ ಬಾಗಿಲುಗಳಿಗೆಲ್ಲ ನನ್ನ ಬಿರುಕು ಬಿಟ್ಟ ಕಮಾನುಗಳು.

"ಇದು ಯಾವೂರವ್ವ?" ಎಂದು ಕೇಳಿದೆ.

"ಇದು ನಾವೀಗ ಇರೋ ಊರು. ಅದು ಎಡತೊರೆ. ನೀರು ಬಂದು ಗೋಡೆ ಬಾಯಿ ಬುಟ್ಟಿತ್ತಂತೆ, ನಮ್ಮಜ್ಜಿ ಯೋಳ್ತದೆ" ಎಂದಳು.

ನಾನು ಚೀಲ ಬಿಚ್ಚಿ ಹೊಸ ಕಮಾನು ಕೊಟ್ಟು ಹಳೆಯದನ್ನು ಕೇಳಿದೆ. ಅವಳು ಹೊಸದನ್ನು ತೆಗೆದುಕೊಂಡಳು, ಹಳೆಯದನ್ನು ಕೊಡಲಿಲ್ಲ. "ಅವಿಲ್ದೆ ಎಡತೊರೆ ಎಂಗೆ ಕಟ್ಟದು?" ಎಂದಳು. ಉಪಾಧ್ಯಾಯಿನಿ ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗಿ ನನ್ನ ತಪ್ಪನ್ನು ಸುಧಾರಿಸಿಕೊಂಡಿದ್ದಳು, ಎಲ್ಲ ಮಕ್ಕಳೂ ಸುಧಾರಿಸಿಕೊಳ್ಳಬೇಕಾಗಿಲ್ಲವಲ್ಲ. ಊರಿಗೆ ಬಂದು ಮೇಸ್ತ್ರಿಯನ್ನು, ತಟ್ಟಿದಾಗ ಏನು ಕೇಳಬೇಕು ಎಂದು ಕೇಳಿದೆ. ಅವರು ಒಂದು ಹಸಿ ತುಂಡು, ಒಂದು ಒಣ ತುಂಡು ತಂದು ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿದರು. "ಗೊತ್ತಿಲ್ಲ ಅಂದಿದ್ರೆ ಅವತ್ತೇ ಯೋಳ್ಕೊಡ್ತಿದ್ದೆ" ಎಂದರು. ಹೊಸಬರಿಗೆ ನಾನು ಇದನ್ನೇ ಹೇಳುವುದು. ಒಣ ಮರ ಗಂಟೆಯಂತೆ ನುಡಿಯುತ್ತದೆ, ಹಸಿ ಮರ ತುಂಬಿದ ಮಡಕೆಯಂತೆ. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಿ.

ಎರಡನೆಯ ತಪ್ಪು ಕಳಸದ್ದು. ಕಳಸ ಕಡೆಯುವ ಕೆಲಸ ಆ ಹೊತ್ತಿಗೆ ನನ್ನದಾಗಿತ್ತು. ಹಗ್ಗ ಎಳೆದು ತಿರುಗಿಸುವ ಯಂತ್ರದ ಮೇಲೆ ಹೆಬ್ಬೆರಳಿನ ತುದಿಯಷ್ಟು ಕಳಸ ಕಡೆದು, ಹಳದಿ ಅರಗು ಹಿಡಿದು, ತಾಳೆಗರಿಯಿಂದ ಉಜ್ಜಿದರೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಪೆಟ್ಟಿಗೆ ತೆರೆದವರು ಮೊದಲು ಕೈ ಹಾಕುತ್ತಿದ್ದುದೇ ಅದಕ್ಕೆ. ನನಗೆ ಅದರ ಮೇಲೆ ಬಹಳ ಹೆಮ್ಮೆಯಿತ್ತು.

ಒಂದು ದಿನ ಪಿರಿಯಾಪಟ್ಟಣದಿಂದ ಬಂದ ಗಾಡಿಯವನು ಸುದ್ದಿ ತಂದ. ಅಲ್ಲಿ ಒಬ್ಬ ರೈತನ ಮನೆಯಲ್ಲಿ ಎರಡು ವರ್ಷದ ಹೆಣ್ಣುಮಗು ನಮ್ಮ ಕಳಸ ನುಂಗಿ, ಅದು ಗಂಟಲಿಗೆ ಸಿಕ್ಕಿಕೊಂಡು, ಮಗು ನೀಲಿಗಟ್ಟಿತಂತೆ. ಅಜ್ಜಿ ಬದುಕಿಸಿದಳಂತೆ.

ಚನ್ನಬಸಪ್ಪನವರು ತಲೆಯ ಮೇಲಿನ ಪೇಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುಳಿತರು. "ಮಗ ಉಳೀತಲ್ಲ, ಶಿವ ಕಾಪಾಡ್ದ. ಈಗ ನಾವಾಗೇ ಓಗಿ ನಿಂತ್ರೆ ಜನ ಏನಂದಾರು? ಸುಮ್ಕಿರದು ವಾಸಿ" ಎಂದರು.

ಮೇಸ್ತ್ರಿ ಉಳಿಯನ್ನು ಒರೆಸಿ ಕೆಳಗಿಟ್ಟರು. "ನೀವು ಬರ್ಬೇಡಿ ಸಾವ್ಕಾರ್ರೆ. ನಾನೋಯ್ತೀನಿ" ಎಂದರು.

"ಕಡೆದೋನು ನಾನು. ನಾನೇ ಓಯ್ತೀನಿ" ಎಂದೆ. ಹೇಗೆ ಬಾಯಿಂದ ಬಂತೋ ತಿಳಿಯದು.

ಮಾರನೆಯ ದಿನ ಬೆಳಗ್ಗೆ ಹೊರಟು ಪಿರಿಯಾಪಟ್ಟಣ ತಲುಪಿ ಆ ಮನೆ ಹುಡುಕಿದೆ. ಅಂಗಳದಲ್ಲಿ ಅಜ್ಜಿ ಅವರೆ ಸುಲಿಯುತ್ತಿದ್ದಳು. ಮಗು ಅವಳ ಪಕ್ಕದಲ್ಲೇ ಸಿಪ್ಪೆ ಎರಚಿಕೊಂಡು ಆಡುತ್ತಿತ್ತು. ಆ ಮಗುವನ್ನು ಕಂಡು ಅಲ್ಲೇ ಜಗುಲಿ ಹಿಡಿದು ಕುಳಿತೆ.

"ಯಾರಪ್ಪ ನೀನು?" ಎಂದಳು ಅಜ್ಜಿ.

"ಹುಣಸೂರಿಂದ ಬಂದೆ ಅಮ್ಮ. ಆ ಕಳಸ ಮಾಡಿದೋನು ನಾನು. ನನ್ನಿಂದ ತಪ್ಪಾಯ್ತು."

ಅವಳು ಅವರೆಯ ಮೊರ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು. ಕೂಗಾಡಲಿಲ್ಲ. ಹೇಗಾಯಿತು ಎಂದು ಮೊದಲಿನಿಂದ ಹೇಳಿದಳು. ಮಗುವಿಗೆ ಕೆಮ್ಮಲೂ ಆಗದೆ ಕಣ್ಣು ಮೇಲಾದದ್ದು, ತಾನು ಮಗುವನ್ನು ಮೊಣಕಾಲ ಮೇಲೆ ತಲೆಕೆಳಗಾಗಿ ಹಾಕಿಕೊಂಡು ಬೆನ್ನಿಗೆ ಗುದ್ದಿದ್ದು, ಒಂದು, ಎರಡು, ಮೂರು, ನಾಲ್ಕನೆಯದಕ್ಕೆ ಕಳಸ ನೆಲಕ್ಕೆ ಬಿದ್ದದ್ದು. ಆಮೇಲೆ ಕೇಳಿದಳು, "ನಿನಗೆ ಮಕ್ಕಳವ್ರೇನಪ್ಪ?"

"ಇನ್ನೂ ಇಲ್ಲ ಅಮ್ಮ."

"ಅದಕೇಯ. ದೊಡ್ಡೋರು ಕಣ್ಣಲ್ಲಿ ನೋಡ್ತಾರೆ. ಮಗ ಬಾಯಲ್ಲಿ ನೋಡ್ತದೆ. ನೀನು ಕಣ್ಣಿಗೆ ಮಾಡ್ದೆ."

ಹೀಗೆಂದು ಒಳಗೆ ಹೋಗಿ ಒಂದು ಹಿತ್ತಾಳೆ ಕಡಗ ತಂದಳು. ಆ ಮಗುವಿಗೆ ಹಾಕಿ ಬಿಗಿಯಾಯಿತೆಂದು ತೆಗೆದಿಟ್ಟದ್ದು. "ಇದ ತಕಂಡೋಗು. ಇದ್ರೊಳಗೆ ತೂರೋದು ಯಾವ್ದೂ ಪೆಟ್ಗೇಲಿ ಇರಕೂಡ್ದು. ಇನ್ನೊಂದು ಮನೇಲಿ ಅಜ್ಜಿ ನೀರಿಗೋಗಿದ್ರೆ ಏನ್ ಗತಿ?" ಎಂದಳು. ಅವರೆಕಾಳಿನ ಹುಳಿ, ಮುದ್ದೆ ಇಕ್ಕಿದಳು. ನಾನು ಮುದ್ದೆ ಮುಟ್ಟದೆ ಕುಳಿತೆ. "ತಪ್ಪು ಒಪ್ಕೊಂಡ್ ಬಂದಿದೀಯ, ಉಣ್ಣು" ಎಂದು ಗದರಿಸಿ ಉಣ್ಣಿಸಿದಳು.

ಹುಣಸೂರಿಗೆ ಬಂದು ಕಡಗವನ್ನು ಕೆಲಸದ ಮಣೆಯ ಮೇಲಿಟ್ಟು, ಇನ್ನು ಕಳಸ ಬೇಡ ಎಂದೆ. ಚನ್ನಬಸಪ್ಪನವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಒಪ್ಪದವರು ಮೇಸ್ತ್ರಿ. ತೇರು ಗುಡಿ ಮಾಡಿದ ಕೈ ಅದು. "ಕಳಸ ಇಲ್ದೆ ಗುಡಿ ಮುಗಿಯಾಕಿಲ್ಲ ನಂಜ. ಮುಗೀದೆ ಇರೋ ಗುಡೀನ ಮಕ್ಕಳ ಕೈಗೆ ಕೊಡಾಕಿಲ್ಲ ನಾನು" ಎಂದರು.

"ಕಳಸ ಇಟ್ರೆ ಮಗೂನೇ ಇರಾಕಿಲ್ವಲ್ಲ ಮೇಸ್ತ್ರಿಗಳೆ" ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಮೂರು ದಿನ ಅವರು ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ನಾನು ಬರುವ ಹೊತ್ತಿಗೆ ಯಂತ್ರದ ಮುಂದೆ ಕುಳಿತಿದ್ದರು. ಕಳಸವನ್ನೂ ಗೋಪುರದ ತಲೆಯನ್ನೂ ಬೇರೆ ಬೇರೆ ಮಾಡದೆ ಒಂದೇ ಮರದಲ್ಲಿ ಕಡೆದಿದ್ದರು. ಮುಷ್ಟಿಗೆ ತುಂಬುವ ಗೋಪುರ, ಅದರ ತುದಿಯಲ್ಲಿ ಚೂಪಿಲ್ಲದ, ದುಂಡು ಕಳಸ. ಕಡಗವನ್ನು ತೆಗೆದು ಅದರ ಮೇಲೆ ಹಿಡಿದರು. ಗೋಪುರದ ಹೆಗಲಿಗೆ ಕಡಗ ನಿಂತಿತು.

"ಗುಡೀನೂ ಮುಗೀತು, ಮಗೂನೂ ಉಳೀತು" ಎಂದು ಗೋಪುರವನ್ನು ನನ್ನ ಕೈಗೆ ಕೊಟ್ಟರು.

ಆಮೇಲೆ ಪೆಟ್ಟಿಗೆಯ ಒಂದೊಂದು ತುಂಡನ್ನೂ ಕಡಗಕ್ಕೆ ಹಿಡಿದು ನೋಡಿದೆವು. ಜಂತೆಗಳು ತೂರಿದವು, ಕಂಬಗಳೂ ತೂರಿದವು. ಎಲ್ಲವನ್ನೂ ದಪ್ಪ ಮಾಡಿದೆವು. ಅರ್ಧ ಇಟ್ಟಿಗೆಯೂ ಬೆಳೆಯಿತು. ಪೆಟ್ಟಿಗೆ ಭಾರವಾಯಿತು ಎಂದು ಗಿರಾಕಿಗಳು ಗೊಣಗಿದರು. ಚನ್ನಬಸಪ್ಪನವರು ಗೊಣಗಿದವರಿಗೆಲ್ಲ ಪಿರಿಯಾಪಟ್ಟಣದ ಕಥೆಯನ್ನು ತಾವಾಗಿಯೇ, ಮುಚ್ಚುಮರೆಯಿಲ್ಲದೆ ಹೇಳಿ ಕಡಗ ತೋರಿಸುತ್ತಿದ್ದರು. ಸುಮ್ಮನಿರೋಣ ಎಂದಿದ್ದವರು ಅವರೇ. ಅಂಥವರ ಕೈಕೆಳಗೆ ಕೆಲಸ ಮಾಡಿದ್ದು ನನ್ನ ಪುಣ್ಯ. ಹೊಸ ಪೆಟ್ಟಿಗೆ ಸಿದ್ಧವಾದಾಗಲೆಲ್ಲ ಅಂಗಡಿಯ ಗಾದಿಯ ಮೇಲೆ ಅದನ್ನು ಸುರಿದುಕೊಂಡು ಅವರೇ ಒಂದು ತೊಟ್ಟಿ ಮನೆ ಕಟ್ಟಿ ನೋಡಬೇಕು. ಆಗ ಯಾರು ವ್ಯಾಪಾರಕ್ಕೆ ಬಂದರೂ ಕಾಯಬೇಕಾಗಿತ್ತು.

ಕೆಲಸದ ರೀತಿ ಬದಲಾದದ್ದು ಯುದ್ಧದ ಕಾಲದಲ್ಲಿ. ಹೊರದೇಶದ ಬಣ್ಣದ ಪುಡಿ ಬರುವುದು ನಿಂತಿತು. ಅರಿಸಿನ, ಕಾಡಿಗೆ ಎಂದು ಏನೇನೋ ಅರಗಿಗೆ ಬೆರೆಸಿ ನೋಡಿ, ಕಡೆಗೆ ಬರೀ ಮರದ ಬಣ್ಣಕ್ಕೇ ಹೊಳಪು ಕೊಟ್ಟೆವು. ಅದು ನನಗೆ ಹೆಚ್ಚು ಇಷ್ಟವಾಯಿತು. ತೇಗ ಸೈನ್ಯದ ಡೇರೆಯ ಗೂಟಕ್ಕೂ ಸಾಮಾನಿನ ಪೆಟ್ಟಿಗೆಗೂ ಹೋಗತೊಡಗಿ ನಮಗೆ ಚೂರುಪಾರು ಉಳಿಯಿತು. ಆ ಸಮಯಕ್ಕೆ ಊರಿನಲ್ಲಿ ಎಂಜಿನ್ನಿನ ಗರಗಸ ಬಂತು. ಒಂದು ಬೆಳಗ್ಗೆ ನಾವು ವಾರಪೂರ್ತಿ ಕೊಯ್ಯುವಷ್ಟು ಇಟ್ಟಿಗೆಯನ್ನು ಅದು ಕೊಯ್ದು ಹಾಕಿತು, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿಲ್ಲ. ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಎಂಟು ಇಟ್ಟಿಗೆ ನಿಲ್ಲಿಸಿ ನೋಡಿ, "ಒಳ್ಳೇ ಕೆಲ್ಸಗಾರ ಬುಡು ಅದು" ಎಂದಷ್ಟೇ ಹೇಳಿದರು. ಕೈಕೆಲಸಕ್ಕೆ ಉಳಿದದ್ದು ಕಮಾನು ಮತ್ತು ಗೋಪುರ. ಗೋಪುರ ನನ್ನದು, ಕಮಾನು ಅವರದು.

ಕಮಾನು ತಪ್ಪತೊಡಗಿದ್ದು ಒಂದು ಯುಗಾದಿಯ ಸುಮಾರಿಗೆ. ಕಾಲುಗಳು ಸಮ ಇರಲಿಲ್ಲ. ಇಟ್ಟಿಗೆಯ ಮೇಲಿಟ್ಟರೆ ಕುಂಟುತ್ತಿದ್ದವು. ಮೇಸ್ತ್ರಿಯ ಬಲಗಣ್ಣಿಗೆ ಪೊರೆ ಬಂದಿತ್ತು. ಅವರು ಹೇಳಲಿಲ್ಲ. ಗೆರೆ ಎಳೆಯುವಾಗ ತಲೆ ವಾರೆ ಮಾಡುವುದನ್ನು ನೋಡಿ ನಾನೇ ತಿಳಿದುಕೊಂಡೆ. ಹೆಂಡತಿ ತೀರಿಹೋಗಿ, ಮಗಳು ಸಾಲಿಗ್ರಾಮದಲ್ಲಿದ್ದು, ಅವರು ರಜೆಯ ದಿನವೂ ಕೊಟ್ಟಿಗೆಗೆ ಬಂದು ಎಲ್ಲರ ಉಳಿ ಮಸೆದು ಕೊಡುತ್ತಿದ್ದ ಮನುಷ್ಯ. ಕಮಾನೂ ಹೋದರೆ ಅವರನ್ನು ಮನೆಗೆ ಕಳಿಸದೆ ಚನ್ನಬಸಪ್ಪನವರಿಗೆ ಬೇರೆ ದಾರಿಯಿರಲಿಲ್ಲ.

ಅದಕ್ಕೆ ಕಳ್ಳತನ ಶುರು ಮಾಡಿದೆ. ಮೇಸ್ತ್ರಿ ಮಧ್ಯಾಹ್ನ ಊಟಕ್ಕೆ ಹೋದ ಕೂಡಲೇ ಅವರ ಕಮಾನುಗಳನ್ನು ತೆಗೆದು, ಮೂಲೆಮಟ್ಟ ಹಿಡಿದು, ಉದ್ದವಾದ ಕಾಲನ್ನು ತೋಪಡದಿಂದ ಹೆರೆದು ಸರಿಮಾಡಿ, ಇದ್ದ ಹಾಗೇ ಜೋಡಿಸಿಡುತ್ತಿದ್ದೆ. ಅವರು ಬರುವ ಮೊದಲು ಹೊಟ್ಟು ಗುಡಿಸಬೇಕು. ನನ್ನ ಊಟಕ್ಕೆ ಹೊತ್ತು ಸಿಗುತ್ತಿರಲಿಲ್ಲ. ಮನೆಗೆ ಹೋಗುವ ಹೊತ್ತಿಗೆ ಮುದ್ದೆ ತಣ್ಣಗಾಗಿ ಕಲ್ಲಾಗಿರುತ್ತಿತ್ತು. ಯಾಕೆ ಎಂದು ಹೆಂಡತಿ ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತಿದ್ದೆ.

ದಸರೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಮೇಸ್ತ್ರಿ ಎಲೆಅಡಿಕೆ ಚೀಲ ಮರೆತು ಅರ್ಧ ದಾರಿಯಿಂದ ಹಿಂತಿರುಗಿದರು. ನಾನು ತೋಪಡ ಹಿಡಿದುಕೊಂಡೇ ಇದ್ದೆ. ನನ್ನ ಮುಂದೆ ಅವರ ಕಮಾನು, ಸುತ್ತಲೂ ಹೊಟ್ಟು. ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು ಎದುರಿಗೆ ಕುಳಿತರು. ನನಗೆ ತಲೆ ಎತ್ತಲಾಗಲಿಲ್ಲ.

"ಎಷ್ಟು ದಿವ್ಸದಿಂದ?" ಎಂದರು.

"ಯುಗಾದಿಯಿಂದ."

ಅವರು ಒಂದು ಕಮಾನು ತೆಗೆದುಕೊಂಡು ಕಾಲುಗಳ ಮೇಲೆ ಹೆಬ್ಬೆರಳು ಎಳೆದರು. "ಸಾವ್ಕಾರ್ರಿಗೆ ಗೊತ್ತಾ?"

"ಇಲ್ಲ. ಯಾರ್ಗೂ ಗೊತ್ತಿಲ್ಲ."

ಕಮಾನನ್ನು ಕೆಳಗಿಟ್ಟರು. ಆಮೇಲೆ, "ಯಾವ್ ಕಡೆ ತಪ್ತಾ ಅದೆ?" ಎಂದು ಕೇಳಿದರು.

"ಬಲಗಾಲು. ಅರ್ಧ ನೂಲು ಉದ್ದ ಬತ್ತದೆ."

"ಒಂದೊಂದ್ ಕಿತ ಎಡಗಡೀಕೂ ತಪ್ತದಾ?"

"ಇಲ್ಲ. ಯಾವಾಗ್ಲೂ ಬಲಗಾಲೇ."

"ಯಾವಾಗ್ಲೂ ಅರ್ಧ ನೂಲೇ?"

ನಾನು ಯೋಚಿಸಿದೆ. ಆರು ತಿಂಗಳು ಹೆರೆದಿದ್ದೆ, ಒಂದು ದಿನವೂ ಹೆಚ್ಚು ಕಡಿಮೆ ಹೆರೆದ ನೆನಪಿರಲಿಲ್ಲ. "ಯಾವಾಗ್ಲೂ ಅಷ್ಟೇ" ಎಂದೆ.

ಅವರ ಮುಖ ಅರಳಿತು. ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. "ಅಂಗಾದ್ರೆ ಕಣ್ಣು ಓಗ್ಯದೆ, ಕೈ ಓಗಿಲ್ಲ ಕಣ್ಲಾ" ಎಂದರು. "ಕೈ ಓಗಿದ್ರೆ ದಿವ್ಸಕ್ಕೊಂದು ಕಡೆ ತಪ್ಪದು. ಮೊದ್ಲೇ ಯಾಕ್ ಯೋಳ್ನಿಲ್ಲ ನೀನು?"

"ನಿಮಗೆ ಬೇಜಾರಾಯ್ತದೆ ಅಂತ."

"ಆಯ್ತಿತ್ತು ಬುಡು. ಒಂದ್ ದಿವ್ಸ ಆಯ್ತಿತ್ತು" ಎಂದು ಎದ್ದು, ಚೀಲ ತೆಗೆದುಕೊಂಡು ಊಟಕ್ಕೆ ಹೋದರು.

ಮಾರನೆಯ ಬೆಳಗ್ಗೆ ಅವರು ಗೆರೆ ಎಳೆದು, ಬಲಗಾಲಿಗೆ ಮಾತ್ರ ಗರಗಸವನ್ನು ಗೆರೆಯ ಮೇಲಿಡದೆ ಅರ್ಧ ನೂಲು ಒಳಗಿಟ್ಟು ಕೊಯ್ಯುತ್ತಾ ಹೋದರು. ಮಧ್ಯಾಹ್ನ ಎಂದಿನಂತೆ ಎದ್ದು ಹೋದರು. ನಾನು ಒಂದೊಂದೇ ಕಮಾನನ್ನು ತೆಗೆದು ಮೂಲೆಮಟ್ಟ ಹಿಡಿದೆ. ಕಡೆಯ ಕಮಾನಿನವರೆಗೂ ಹಿಡಿದೆ, ಹೆರೆಯುವಂಥದ್ದು ಒಂದೂ ಇರಲಿಲ್ಲ. ತೋಪಡವನ್ನು ಮೊಳೆಗೆ ತೂಗುಹಾಕಿ, ಬಾಗಿಲು ಎಳೆದುಕೊಂಡು ಮನೆಗೆ ನಡೆದೆ. ಹೆಂಡತಿ ಆಗ ತಾನೇ ಒಲೆಯಿಂದ ಮಡಕೆ ಇಳಿಸಿ ಮುದ್ದೆ ಕಟ್ಟುತ್ತಿದ್ದಳು.